ಬೆಳಗಾವಿಯ ಮಳೆಗೆ ಯಾವ ಹುಲ್ಲಿನ ಮಿಷನ್?

ಬೆಳಗಾವಿಯಲ್ಲಿ ಲಾನ್ ಬೆಳೆಸಲು ಯಾರೂ ಒದ್ದಾಡುವುದಿಲ್ಲ. ಒದ್ದಾಟವೆಲ್ಲ ಕತ್ತರಿಸುವುದಕ್ಕೆ. ಜೂನ್‌ನಲ್ಲಿ ಮಳೆ ಹಿಡಿಯಿತು ಅಂದರೆ ಸೆಪ್ಟೆಂಬರ್ ತನಕ ಹುಲ್ಲು ನಿಲ್ಲುವುದಿಲ್ಲ. ಟಿಳಕವಾಡಿಯಲ್ಲಿ ನಮ್ಮ ಮನೆ ಮುಂದೆ ಸಣ್ಣದೊಂದು ಲಾನ್ ಇದೆ. ಖಾನಾಪುರ ರಸ್ತೆ ಕಡೆ ಮಾವನವರ ಜಾಗದಲ್ಲಿ ಐದಾರು ಗುಂಟೆ ಹುಲ್ಲು, ಸ್ವಲ್ಪ ಇಳಿಜಾರು, ನಡುನಡುವೆ ಜಂಬಿಟ್ಟಿಗೆ ಕಲ್ಲಿನ ಚೂರು. ಕೈಯಿಂದ ತಳ್ಳುವುದು, ಕರೆಂಟಿನದು, ಪೆಟ್ರೋಲಿನದು, ಮೂರನ್ನೂ ಈ ಎರಡು ಕಡೆ ಓಡಿಸಿ ನೋಡಿದ್ದೇನೆ.

ಅಂಗಡಿಯವರು ವಾಟ್, ಸಿಸಿ, ಅಗಲ ಅಂತ ಲೆಕ್ಕ ಹೇಳುತ್ತಾರೆ. ನಾನು ಮೊದಲು ನೋಡುವುದು ಬೇರೆ. ಹಸಿ ಹುಲ್ಲು ಸಿಕ್ಕಿಕೊಂಡಾಗ ಬ್ಲೇಡಿನ ಹತ್ತಿರ ಕೈ ಹೋಗಿಯೇ ಹೋಗುತ್ತದೆ. ಆ ಹೊತ್ತಿಗೆ ಮಿಷನ್ ಪೂರ್ತಿ ಬಂದ್ ಆಗಿದೆ ಅಂತ ನನಗೆ ಎಷ್ಟು ಖಾತ್ರಿ?

ಈ ಲೆಕ್ಕದಲ್ಲಿ ಕೈಯಿಂದ ತಳ್ಳುವ ರೀಲ್ ಮಿಷನ್ನೇ ಮುಂದೆ. ನಾವು ನಿಂತರೆ ಅದೂ ನಿಂತಿತು. ಬಾಗಿದ ಐದು ಬ್ಲೇಡುಗಳ ಒಂದು ಉರುಳೆ, ಕೆಳಗೆ ಅಲುಗಾಡದ ಒಂದು ಪಟ್ಟಿ, ಎರಡರ ನಡುವೆ ಹುಲ್ಲು ಕತ್ತರಿಗೆ ಸಿಕ್ಕಂತೆ ಸಿಗುತ್ತದೆ. 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಮಾಡಿದ ಮಿಷನ್ ಇದೇ ಜಾತಿಯದು. ಉಣ್ಣೆ ಬಟ್ಟೆಯ ಮೇಲಿನ ಜುಂಗನ್ನು ಸಮ ಮಾಡುವ ಗಿರಣಿ ಯಂತ್ರ ನೋಡಿ ಆತನಿಗೆ ಇದು ಹೊಳೆಯಿತಂತೆ. ಶಹಾಪುರ, ವಡಗಾವಿಯ ಮಗ್ಗಗಳ ಸದ್ದು ಕೇಳಿ ಬೆಳೆದ ನಮ್ಮಂಥವರಿಗೆ ಇದು ಕೇಳಲು ಖುಷಿ, ಅಲ್ವಾ?

ಆದರೂ ಕೈ ಹಾಕುವಾಗ ಒಂದು ಎಚ್ಚರ ಬೇಕು. ಒಂದು ಬ್ಲೇಡು ಹಿಡಿದು ತಿರುಗಿಸಿದರೆ ಐದೂ ತಿರುಗುತ್ತವೆ. ಇನ್ನೊಂದು ಕೈಯ ಬೆರಳು ಪಟ್ಟಿಯ ಮೇಲಿದ್ದರೆ ಹೋಯಿತು. ಸಿಕ್ಕಿದ ಕಡ್ಡಿಯನ್ನು ಇನ್ನೊಂದು ಕಡ್ಡಿಯಿಂದಲೇ ತಳ್ಳಬೇಕು. ಹರಿತ ನೋಡಲು ಹಳೇ ಪೇಪರ್ ಚೂರು ಸಾಕು. ಬ್ಲೇಡಿಗೂ ಪಟ್ಟಿಗೂ ನಡುವೆ ಹಿಡಿದು ಉರುಳೆಯನ್ನು ನಿಧಾನ ತಿರುಗಿಸಿ. ಪೇಪರ್ ಸೀದಾ ಕತ್ತರಿಸಿದರೆ ಸರಿ. ಹರಿದರೆ ಅಥವಾ ಮಡಚಿಕೊಂಡರೆ ಪಕ್ಕದ ಸ್ಕ್ರೂ ಒಂಚೂರು ಬಿಗಿ ಮಾಡಬೇಕು. ಎರಡೂ ತುದಿಯಲ್ಲಿ ನೋಡಿ, ಒಂದು ಕಡೆ ಮಾತ್ರ ಕತ್ತರಿಸುವುದು ಇದರ ಮಾಮೂಲು ಕಾಯಿಲೆ.

ಇದರ ಸೋಲು ಎತ್ತರದ ಹುಲ್ಲಿನ ಮುಂದೆ. ಜುಲೈಯಲ್ಲಿ ಒಂದು ವಾರ ಬಿಟ್ಟರೆ ಮುಗಿಯಿತು, ಹುಲ್ಲು ಕತ್ತರಿಸುವ ಬದಲು ಮಲಗಿ ಮತ್ತೆ ಏಳುತ್ತದೆ. ಗರಿಕೆ ತೆನೆ ಹಾಕಿದರಂತೂ ಆ ಕಡ್ಡಿಗಳು ಬ್ಲೇಡಿಗೆ ಸಿಗುವುದೇ ಇಲ್ಲ. ಮನೆ ಮುಂದಿನ ತುಂಡು ಜಾಗಕ್ಕೆ ಸೈ. ಮಾವನವರ ಜಾಗದಲ್ಲಿ ಒಂದು ಸಾಲು ತಳ್ಳುವಷ್ಟರಲ್ಲಿ ಬೆನ್ನು ಮಾತಾಡುತ್ತದೆ.

ಕರೆಂಟ್ ಮಿಷನ್ ಮೇಲೆ ನನಗೆ ಮೊದಲು ತುಂಬಾ ಆಸೆ ಇತ್ತು. ಹಗುರ, ಸದ್ದು ಕಡಿಮೆ, ಎಣ್ಣೆ ಪೆಟ್ರೋಲ್ ಗಲೀಜಿಲ್ಲ. ಡಿಸೆಂಬರ್‌ನಿಂದ ಮೇ ತನಕ ಇದರಷ್ಟು ಸುಖ ಇನ್ನೊಂದಿಲ್ಲ. ಆದರೆ ಹುಲ್ಲು ಜೋರಾಗಿ ಬೆಳೆಯುವುದು ಮಳೆಗಾಲದಲ್ಲಿ. ಹಸಿ ಹುಲ್ಲಿನ ಮೇಲೆ ಇದನ್ನು ಓಡಿಸಲೇಬಾರದು. ಅಂದರೆ ಬೇಕಾದ ಕಾಲಕ್ಕೇ ಇದು ಮೂಲೆ ಸೇರುತ್ತದೆ.

ಒಣ ದಿನಗಳಲ್ಲೂ ವೈರಿನದೇ ತಲೆನೋವು. 1600 ವಾಟ್‌ನ ಮಿಷನ್ ಸುಮಾರು 7 ಆಂಪಿಯರ್ ಎಳೆಯುತ್ತದೆ. ಮನೆಯ ಸಣ್ಣ ಪಿನ್ನಿನ ಸಾಕೆಟ್ ಇರುವುದು 6 ಆಂಪಿಯರ್‌ಗೆ. ಹಾಗಾಗಿ ಗೀಸರ್, ಎಸಿಗೆ ಹಾಕುವ 16 ಆಂಪಿಯರ್ ಸಾಕೆಟ್ಟೇ ಬೇಕು. ಉದ್ದದ ಎಕ್ಸ್‌ಟೆನ್ಷನ್ ಡ್ರಮ್ ಇದ್ದರೆ ಪೂರ್ತಿ ಬಿಚ್ಚಿಯೇ ಬಳಸಿ, ಸುತ್ತಿಟ್ಟ ವೈರ್ ಒಳಗೊಳಗೇ ಕಾದು ಕರಗುತ್ತದೆ. ಆ ಲೈನಿಗೆ 30 ಮಿಲಿ ಆಂಪಿಯರ್‌ನಲ್ಲಿ ಟ್ರಿಪ್ ಆಗುವ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಬಂದ್ ಮಾಡುವ ಸ್ವಿಚ್) ಇಲ್ಲದಿದ್ದರೆ ಮಿಷನ್ ಹೊರಗೇ ತರಬೇಡಿ. ಲೋಡ್ ಜಾಸ್ತಿಯಾದಾಗ ಬೀಳುವ ಸಾಮಾನ್ಯ ಎಂಸಿಬಿ ವೈರನ್ನು ಕಾಯುತ್ತದೆ, ಮನುಷ್ಯನನ್ನು ಕಾಯುವುದಿಲ್ಲ. ಕತ್ತರಿಸುವಾಗ ಸಾಕೆಟ್ ಹತ್ತಿರದಿಂದ ಶುರು ಮಾಡಿ ದೂರ ಹೋಗುತ್ತಾ ಇರಬೇಕು, ವೈರ್ ಹೆಗಲ ಮೇಲಿರಬೇಕು. ಆಗ ಅದು ಯಾವಾಗಲೂ ಕತ್ತರಿಸಿ ಆದ ಜಾಗದಲ್ಲಿ ಬೀಳುತ್ತದೆ.

ಇನ್ನೊಂದು ಕೆಟ್ಟ ಚಾಳಿ ನೋಡಿದ್ದೇನೆ. ಹಿಡಿಕೆಯ ಲಿವರ್ ಬಿಟ್ಟರೆ ಮಿಷನ್ ನಿಲ್ಲುತ್ತದೆ. ಸುಮ್ನೆ ಹಿಡಿದುಕೊಂಡಿರಲು ಬೇಜಾರು ಅಂತ ಅದಕ್ಕೆ ಸುತ್ಲಿ ಕಟ್ಟುತ್ತಾರೆ. ನಡುವೆ ಕರೆಂಟ್ ಹೋಗುತ್ತದೆ. ಹೋಗಿದ್ದೇ ಒಳ್ಳೆಯದಾಯಿತು ಅಂತ ಮಗುಚಿ ಹುಲ್ಲು ಕೀಳಲು ಕೂರುತ್ತಾರೆ. ಕರೆಂಟ್ ಬಂದರೆ? ಪಿನ್ ಸಾಕೆಟ್‌ನಿಂದ ಹೊರಗೆ ಬಂದು ಕಣ್ಣಿಗೆ ಕಾಣುವಂತೆ ಬಿದ್ದಿದ್ದರೆ ಮಾತ್ರ ನಾನು ಕೈ ಹಾಕುವುದು.

ಈಗ ಪೆಟ್ರೋಲ್. ಖಾನಾಪುರ ರಸ್ತೆಗೆ ಕೊನೆಗೂ ನಿಂತಿದ್ದು ಇದೇ, ನಾಲ್ಕು ಸ್ಟ್ರೋಕಿನದು. ವೈರಿನ ಗೋಜಿಲ್ಲ, ಸ್ವಲ್ಪ ಹಸಿ ಇದ್ದರೂ ಎಳೆಯುತ್ತದೆ. ಆದರೆ ಮೂರರಲ್ಲಿ ಜಾಸ್ತಿ ಮರ್ಯಾದೆ ಬೇಡುವ ಮಿಷನ್ ಕೂಡ ಇದೇ. ಬ್ಲೇಡು ನಿಮಿಷಕ್ಕೆ 3000 ಸುತ್ತು ತಿರುಗುತ್ತದೆ ಅಂತ ಇಟ್ಟುಕೊಳ್ಳಿ. 40 ಸೆಂ.ಮೀ. ಉದ್ದದ ಬ್ಲೇಡಾದರೆ ಅದರ ತುದಿಯ ವೇಗ ಗಂಟೆಗೆ 220 ಕಿ.ಮೀ. ದಾಟುತ್ತದೆ. ಜಂಬಿಟ್ಟಿಗೆ ಚೂರು ಸಿಕ್ಕರೆ ಎತ್ತ ಹಾರುತ್ತದೋ ಹೇಳಲಾಗದು. ಅದಕ್ಕೇ ಮೊದಲು ಒಂದು ಸುತ್ತು ಬುಟ್ಟಿ ಹಿಡಿದು ಕಲ್ಲು ಆರಿಸುತ್ತೇವೆ. ಮಕ್ಕಳು, ನಾಯಿ ಎಲ್ಲ ಒಳಗೆ. ಕಾಲಿಗೆ ಚಪ್ಪಲಿ ನಡೆಯುವುದಿಲ್ಲ, ಬೂಟು ಬೇಕು, ಕಣ್ಣಿಗೆ ಕನ್ನಡಕ ಬೇಕು. ಇಳಿಜಾರಿನಲ್ಲಿ ಅಡ್ಡಡ್ಡ ನಡೆಯಬೇಕು. ಮೇಲೆ ಕೆಳಗೆ ಓಡಿಸುವಾಗ ಕಾಲು ಜಾರಿದರೆ ಮಿಷನ್ ಮೈಮೇಲೆ ಬರುತ್ತದೆ, ಇಲ್ಲವೇ ನಮ್ಮ ಕಾಲು ಅದರ ಕೆಳಗೆ ಹೋಗುತ್ತದೆ. ನಮ್ಮ ಕಡೆಗೆ ಎಳೆದುಕೊಂಡು ಕತ್ತರಿಸುವುದಂತೂ ಬೇಡವೇ ಬೇಡ.

ಮಾವನವರಿಗೂ ನನಗೂ ತಕರಾರು ಬರುವುದು ಸ್ಪಾರ್ಕ್ ಪ್ಲಗ್ ವಿಷಯಕ್ಕೆ. "ಮಾವ, ಮೊದಲ ಪ್ಲಗ್ಗಿನ ವೈರ್ ತೆಗೀರಿ" ಅಂದರೆ, "ಬಂದ್ ಮಾಡೀನಲ್ರೀ ಅಳಿಯಾರ, ಇನ್ನೇನ ತಿರಗತೈತಿ?" ಅನ್ನುತ್ತಾರೆ. ತಿರುಗುತ್ತದೆ. ಬ್ಲೇಡು ಕೂತಿರುವುದು ಎಂಜಿನ್ ಶಾಫ್ಟಿನ ತುದಿಗೇ. ಬ್ಲೇಡನ್ನು ಕೈಯಿಂದ ತಿರುಗಿಸಿದರೆ ಎಂಜಿನ್ ತಿರುಗಿದಂತೆ. ಬಂದ್ ಮಾಡುವ ವೈರ್ ಒಳಗೆಲ್ಲೋ ಸಡಿಲಾಗಿದ್ದರೆ ಆ ಅರ್ಧ ಸುತ್ತಿಗೇ ಕಿಡಿ ಹಾರಿ ಎಂಜಿನ್ ಒದೆಯಬಹುದು. ಪ್ಲಗ್ಗಿನ ರಬ್ಬರ್ ಟೋಪಿ ಎಳೆದು ಪಕ್ಕಕ್ಕಿಟ್ಟರೆ ಆ ಭಯವಿಲ್ಲ. ಮಗುಚುವಾಗ ಏರ್ ಫಿಲ್ಟರ್ ಮೇಲ್ಗಡೆ ಬರಬೇಕು. ಇಲ್ಲದಿದ್ದರೆ ಆಯಿಲ್ ಫಿಲ್ಟರಿಗೆ ಇಳಿದು, ಮುಂದಿನ ಸಲ ಶುರು ಮಾಡಿದಾಗ ಓಣಿಗೆಲ್ಲ ಬಿಳಿ ಹೊಗೆ.

ಬ್ಲೇಡು ಹರಿತ ಮಾಡಿಸಲು ಉದ್ಯಮಬಾಗಕ್ಕೆ ಒಯ್ಯುತ್ತೇನೆ. ಫೌಂಡ್ರಿ, ಲೇತುಗಳ ಆ ಏರಿಯಾದಲ್ಲಿ ಗ್ರೈಂಡಿಂಗ್ ಮಾಡುವವರಿಗೆ ಬರವಿಲ್ಲ. ನಾನು ಹೋಗುವ ಅಂಗಡಿಯ ಮಿಸ್ತ್ರಿ ಕೆಲಸ ಮುಗಿಸಿದ ಮೇಲೆ ಬ್ಲೇಡಿನ ನಡುವಿನ ತೂತನ್ನು ಗೋಡೆಯ ಮೊಳೆಗೆ ಸಿಕ್ಕಿಸಿ ಕೈ ಬಿಡುತ್ತಾರೆ. ಒಂದು ತುದಿ ನಿಧಾನಕ್ಕೆ ಕೆಳಗಿಳಿಯಿತು ಅಂದರೆ ಆ ಕಡೆ ಇನ್ನೂ ಸ್ವಲ್ಪ ಉಜ್ಜು. ಮತ್ತೆ ಮೊಳೆ. ಅಡ್ಡಲಾಗಿ ನಿಂತಾಗ "ಈಗ ಸಮಾ ಆತ್ ನೋಡ್ರಿ" ಅನ್ನುತ್ತಾರೆ. ತೂಕ ಸಮ ಇಲ್ಲದ ಬ್ಲೇಡು ಇಡೀ ಮಿಷನ್ ನಡುಗಿಸುತ್ತದೆ, ಬೋಲ್ಟ್ ಸಡಿಲ ಮಾಡುತ್ತದೆ, ಶಾಫ್ಟಿಗೂ ಏಟು.

ಪೆಟ್ರೋಲಿನಲ್ಲಿ ಈಗ ಎಥನಾಲ್ ಬೆರೆತಿರುತ್ತದೆ. ಕಬ್ಬಿನ ಜಿಲ್ಲೆಯವರು ನಾವು, ದೂರುವಂತಿಲ್ಲ! ಆದರೆ ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಟ್ಟರೆ ಕಾರ್ಬ್ಯುರೇಟರ್ ಕಟ್ಟಿಕೊಳ್ಳುತ್ತದೆ. ಬೇಕಾದಷ್ಟೇ ತರಬೇಕು. ಎಂಜಿನ್ ಆರಿದ ಮೇಲೆ ಹಾಕಬೇಕು, ಅದೂ ಹುಲ್ಲಿನಿಂದ ಈಚೆ. ಶೆಡ್ ಬಾಗಿಲು ಹಾಕಿಕೊಂಡು ಶುರು ಮಾಡಬಾರದು, ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಅದಕ್ಕೆ ವಾಸನೆಯೂ ಇಲ್ಲ.

ಹೆಗಲಿಗೆ ಹಾಕಿಕೊಳ್ಳುವ ಬ್ರಷ್ ಕಟರ್ ಲಾನಿನ ಮಿಷನ್ ಅಲ್ಲ, ಬೇಲಿ ಪಕ್ಕದ ಕಳೆಗೆ ಸರಿ. ಓಡುವಾಗ 15 ಮೀಟರ್ ಒಳಗೆ ಯಾರೂ ಇರಬಾರದು. ಬ್ಯಾಟರಿ ಮಿಷನ್ ಪಕ್ಕದವರದು ಕೇಳಿ ತಂದು ಓಡಿಸಿದೆ. ವೈರಿಲ್ಲ, ಹೊಗೆಯಿಲ್ಲ, ಬ್ಯಾಟರಿ ತೆಗೆದು ಜೇಬಿಗೆ ಹಾಕಿಕೊಂಡರೆ ಮಿಷನ್ ಸತ್ತ ಹಾಗೇ. ನನ್ನ ಪ್ರಶ್ನೆಗೆ ರೀಲ್ ಬಿಟ್ಟರೆ ಇದರದೇ ಒಳ್ಳೆಯ ಉತ್ತರ. ಐದಾರು ಗುಂಟೆಗೆ ಮಾತ್ರ ಒಂದು ಚಾರ್ಜ್ ಸಾಲದು, ಎರಡನೇ ಬ್ಯಾಟರಿಯ ರೇಟು ಕೇಳಿ ಸುಮ್ಮನಾದೆ.

ಸದ್ಯ ಟಿಳಕವಾಡಿಯಲ್ಲಿ ರೀಲ್, ಮಾವನವರ ಕಡೆ ಪೆಟ್ರೋಲ್. ಕರೆಂಟಿನದನ್ನು ಒಣ ಊರಿನ ತಂಗಿಗೆ ಕೊಟ್ಟೆ, ವಿಜಯಪುರದಲ್ಲಿ ಅದು ಚೆನ್ನಾಗಿ ಓಡುತ್ತಿದೆ. ಯಾವ ಮಿಷನ್ ಆದರೂ ನಾವು ಒಂದೇ ಸಲಕ್ಕೆ ಹುಲ್ಲಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕತ್ತರಿಸುವುದಿಲ್ಲ. ಮಳೆ ಬಿಡದೆ ಹುಲ್ಲು ಮೊಣಕಾಲಿಗೆ ಬಂದಾಗ ಮೊದಲು ಬ್ಲೇಡು ಎತ್ತರಕ್ಕೆ ಇಟ್ಟು ಒಂದು ಸಲ, ನಾಲ್ಕು ದಿನ ಬಿಟ್ಟು ಇಳಿಸಿ ಇನ್ನೊಂದು ಸಲ.