ಆನ್‌ಲೈನ್ ಮೆಂಟರ್‌ಗೆ ದುಡ್ಡು ಹಾಕೋ ಮೊದಲು ಇದನ್ನೊಮ್ಮೆ ಓದಿ

ಬೆಂಗಳೂರಿಗೆ ಬಂದು ಪಿಜಿಯಲ್ಲಿ ಕೂತು ಕೆಲಸ ಹುಡುಕುತ್ತಿರುವವರು ದಯವಿಟ್ಟು ಪೂರ್ತಿ ಓದಿ.

ನಾನು ವಿಜಯನಗರದಲ್ಲಿದ್ದೆ. ಕಾಲ್ ಸೆಂಟರ್ ಬಿಟ್ಟು ಡೇಟಾ ಅನಾಲಿಸ್ಟ್ ಆಗಬೇಕು ಅಂತ ಆಸೆ. ಇನ್‌ಸ್ಟಾಗ್ರಾಮಲ್ಲಿ ಆ ಕೆಲಸ ಹೇಳಿಕೊಡುವ ಮೆಂಟರ್ ಅಂತ ಒಬ್ಬರು ಸಿಕ್ಕರು. "ನಾನೂ ಹಳ್ಳಿಯಿಂದ ಬಂದವನೇ, ಅಣ್ಣ ಅಂದ್ಕೋಮ್ಮಾ" ಅಂದರು. ಮೂರು ತಿಂಗಳಿಗೆ 18,000 ರೂಪಾಯಿ. ಅವರ ಸ್ವಂತ ನಂಬರಿಗೇ ಯುಪಿಐ ಮಾಡಿದೆ. ಬಿಲ್ ಕೇಳಲಿಲ್ಲ.

ಮೊದಲ ವಾರ ಎರಡು ಕಾಲ್ ಆಯಿತು. ಆಮೇಲೆ ರಾತ್ರಿ ಹನ್ನೊಂದರ ಮೇಲೆ ವಾಯ್ಸ್ ನೋಟ್ ಅಷ್ಟೇ. ನಾನು ಬರೆದ ಎಸ್‌ಕ್ಯೂಎಲ್ (ಡೇಟಾಬೇಸಿನಿಂದ ಮಾಹಿತಿ ತೆಗೆಯುವ ಕೋಡ್) ಕಳಿಸಿದರೆ "ಸೂಪರ್, ಹೀಗೇ ಮಾಡ್ತಾ ಇರು". ಒಂದು ಸಲ ಬೇಕಂತಲೇ ತಪ್ಪು ಕ್ವೆರಿ ಕಳಿಸಿದೆ. ಅದಕ್ಕೂ ಸೂಪರ್. ಅವರು ಫೈಲ್ ತೆರೆದೇ ನೋಡುತ್ತಿರಲಿಲ್ಲ. ಅವತ್ತೇ ನಿಲ್ಲಿಸಬೇಕಿತ್ತು, ಆದರೆ ಕೊಟ್ಟ ದುಡ್ಡು ನೆನೆದು ಸುಮ್ಮನಾದೆ.

ಕೊನೆಗೆ ಒಂದು ರೆಸ್ಯೂಮೆ ಮಾಡಿ ಕಳಿಸಿದರು. ನಾನು ಕಾಲೇ ಇಡದ ಕಂಪನಿಯಲ್ಲಿ ಎರಡು ವರ್ಷ ಅನುಭವ ಅಂತ ಸೇರಿಸಿದ್ದರು. "ಎಲ್ಲರೂ ಹಾಕ್ತಾರೆ, ಯಾರೂ ನೋಡಲ್ಲ" ಅಂದರು. ನಾನೂ ಅದನ್ನೇ ಕಳಿಸಿದೆ. ಆ ತಪ್ಪು ನನ್ನದೇ. ಇಂಟರ್‌ವ್ಯೂ ಪಾಸಾದ ಮೇಲೆ ಎಚ್‌ಆರ್ ಕೇಳಿದ್ದು ಪಿಎಫ್ ಸರ್ವಿಸ್ ಹಿಸ್ಟರಿ. ಯುಎಎನ್ ಅನ್ನುವ ಪಿಎಫ್ ನಂಬರಿನಲ್ಲಿ, ಪಿಎಫ್ ಕಟ್ಟಿದ ಯಾವ ಕಂಪನಿಗೆ ಯಾವಾಗ ಸೇರಿದಿರಿ, ಯಾವಾಗ ಬಿಟ್ಟಿರಿ ಎಲ್ಲ ಇರುತ್ತದೆ. ಆ ಕೆಲಸ ಅಲ್ಲಿಗೆ ಮುಗಿಯಿತು. "ಅಣ್ಣ" ನನ್ನ ನಂಬರ್ ಬ್ಲಾಕ್ ಮಾಡಿದರು.

ಈಗ ನನಗೆ ಹೇಳಿಕೊಡುತ್ತಿರುವುದು ಹಳೇ ಆಫೀಸಿನ ಒಬ್ಬ ಅಕ್ಕ. ಮೈಸೂರಲ್ಲಿದ್ದಾರೆ. ಎರಡು ವಾರಕ್ಕೊಮ್ಮೆ ಭಾನುವಾರ ನಲವತ್ತು ನಿಮಿಷ ವಿಡಿಯೊ ಕಾಲ್. ಏನು ಮಾಡಿದೆ, ಎಲ್ಲಿ ಸಿಕ್ಕಿಕೊಂಡೆ ಅಂತ ಹಿಂದಿನ ದಿನವೇ ಬರೆದು ಕಳಿಸಬೇಕು. ಇಲ್ಲದಿದ್ದರೆ ಕಾಲ್ ಇಲ್ಲ. ಮೊದಲನೇ ದಿನವೇ "ಈ ಜಾಯಿನ್ ಯಾಕೆ ಹಾಕಿದೆ? ಸಾಲುಗಳೆಲ್ಲ ಡಬಲ್ ಆಗಿವೆ ನೋಡು" ಅಂದರು. (ಜಾಯಿನ್ ಅಂದರೆ ಎರಡು ಟೇಬಲ್ ಜೋಡಿಸುವುದು.) ಬೇಜಾರಾಯಿತು. ಆದರೆ ನನ್ನ ಕೆಲಸವನ್ನು ಒಬ್ಬರು ಕೂತು ಓದಿದ್ದು ಅದೇ ಮೊದಲು.

ಹಾಗಾಗಿ ದುಡ್ಡು ಕೊಡುವ ಮೊದಲು ನಿಮ್ಮದೊಂದು ಕೆಲಸ ತೋರಿಸಿ. ಅದರಲ್ಲಿ ಏನು ತಪ್ಪಿದೆ ಅಂತ ಹೇಳುತ್ತಾರಾ ನೋಡಿ. ಪೂರ್ತಿ ದುಡ್ಡು ಒಟ್ಟಿಗೆ ಹಾಕಬೇಡಿ, ರಸೀದಿ ಕೇಳಿ. ಆಧಾರ್, ಪ್ಯಾನ್ ಅಂತೂ ಕಳಿಸಲೇಬೇಡಿ. ಮೋಸ ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ದುಡ್ಡು ತೆಗೆದುಕೊಂಡು ಸರಿಯಾಗಿ ಹೇಳಿಕೊಡದವರ ಮೇಲೆ ಗ್ರಾಹಕರ ಸಹಾಯವಾಣಿ 1915ರಲ್ಲಿ ದೂರು ಕೊಡಬಹುದು. ಚಾಟ್ ಡಿಲೀಟ್ ಮಾಡಬೇಡಿ, ಅದೇ ಸಾಕ್ಷಿ.

ಇನ್ನೊಂದು ಮಾತು. ಆ ರೆಸ್ಯೂಮೆಯ ಎರಡನೇ ಪುಟದ ಕೆಳಗೆ ಬೇರೆ ಹುಡುಗಿಯ ಫೋನ್ ನಂಬರ್, ಹುಟ್ಟಿದ ದಿನ ಹಾಗೇ ಉಳಿದಿತ್ತು. ಅವಳಿಗೆ ಫೋನ್ ಮಾಡಿದೆ. ಅವಳೂ ದುಡ್ಡು ಕೊಟ್ಟವಳೇ, ಬಿಟಿಎಂ ಲೇಔಟಿನ ಪಿಜಿಯಲ್ಲಿದ್ದಾಳೆ. ತನ್ನ ವಿವರ ನನ್ನ ತನಕ ಬಂದಿದೆ ಅಂತ ಅವಳಿಗೆ ಗೊತ್ತೇ ಇರಲಿಲ್ಲ. ನನ್ನದು ಯಾರ ಫೈಲಿನಲ್ಲಿದೆಯೋ ನನಗೂ ಗೊತ್ತಿಲ್ಲ.