ಮಿಥಾಲ್ ಹಚ್ಚೆಗೆ ಟ್ಯಾಟೂ ಕಾಗದವೋ, ನಾಟಕದ ಬಣ್ಣವೋ, ಬಿಲ್ಲೆ ಬಣ್ಣವೋ?

ಡ್ರ್ಯಾಗನ್ ಏಜ್ ವಿಡಿಯೋ ಗೇಮಿನ ಎಲ್ಫ್ (ಚೂಪು ಕಿವಿಯ ಕಾಲ್ಪನಿಕ ಜನ) ವೇಷ ಹಾಕುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಟ್ಯಾಟೂ ಕಾಗದಕ್ಕೆ ದುಡ್ಡು ಸುರಿಯಬೇಡಿ. ನೀರಿಗೆ ಕರಗುವ ಫೇಸ್ ಪೇಂಟ್ ಬಿಲ್ಲೆ ಎರಡು ಮೂರು, ಸೊನ್ನೆ ನಂಬರಿನ ದುಂಡು ಬ್ರಷ್ ಒಂದು, ಒಂದು ಹಾಳೆ ಬಟರ್ ಪೇಪರ್. ಎಲ್ಫ್ ಮುಖದ ಹಚ್ಚೆಗೆ, ಅಂದರೆ ವಲ್ಲಾಸ್ಲಿನ್‌ಗೆ, ಇಷ್ಟೇ ಸಾಕು. ಎಲ್ಫ್ ದೇವತೆ ಮಿಥಾಲಳ ಒಂದೇ ವಿನ್ಯಾಸವನ್ನು ಒಂದೇ ಮುಖಕ್ಕೆ ಮೂರು ರೀತಿಯಲ್ಲಿ, ತುಮಕೂರಿನ ಏಪ್ರಿಲ್ ಸೆಕೆಯಲ್ಲಿ ಹಾಕಿ ನೋಡಿದ ಮೇಲೆ ಹೇಳುತ್ತಿರುವ ಮಾತಿದು.

ವಲ್ಲಾಸ್ಲಿನ್ ಅಂದರೆ ಎಲ್ಫ್ ಭಾಷೆಯಲ್ಲಿ ರಕ್ತದ ಬರಹ. ಅಲೆಮಾರಿ ಡೇಲಿಷ್ ಎಲ್ಫ್‌ಗಳು ಪ್ರಾಯಕ್ಕೆ ಬಂದಾಗ ತಮ್ಮ ದೇವರುಗಳಲ್ಲಿ ಒಬ್ಬರ ಗುರುತನ್ನು ಮುಖಕ್ಕೆ ಹಾಕಿಸಿಕೊಳ್ಳುತ್ತಾರೆ. ಹಾಕುವವರು ಕೀಪರ್, ಅಂದರೆ ಕುಲದ ಹಿರಿಯರು. ನೋವಾಯಿತೆಂದು ಕೂಗಿದರೆ ಇನ್ನೂ ಕಾಲ ಕೂಡಿಬಂದಿಲ್ಲ ಅಂತ ಅಲ್ಲಿಗೇ ನಿಲ್ಲಿಸಬಹುದು. ಅಂದಮೇಲೆ ಇದು ಮುಖದ ಮೇಲೆ ಬಳಿದ ಚಿತ್ತಾರವಲ್ಲ, ಚರ್ಮದೊಳಗೆ ಇಳಿದ ಮಸಿ. ಹಾಗೇ ಕಾಣಬೇಕು. ನಮ್ಮ ಹಳ್ಳಿಗಳಲ್ಲಿ ಕೊರವಂಜಿಯರ ಕೈಯಲ್ಲಿ ಹಚ್ಚೆ ಹಾಕಿಸಿಕೊಂಡ ಅಜ್ಜಿಯರ ಮುಂಗೈ ನೋಡಿದ್ದೀರಲ್ಲ? ಚುಚ್ಚಿದ್ದು ಕಪ್ಪು ಮಸಿ, ಕಾಣುವುದು ಹಸಿರು ನೀಲಿ. ಒಳಪದರದಲ್ಲಿ ಕೂತ ಮಸಿಯನ್ನು ನಾವು ಮೇಲಿನ ಚರ್ಮದ ಮೂಲಕ ನೋಡುತ್ತೇವೆ, ಬೆಳಕು ಅಲ್ಲಿ ಚದುರಿ ಬಣ್ಣ ನೀಲಿಗೆ ತಿರುಗುತ್ತದೆ. ಅಂಚು ಕೂಡ ಸ್ವಲ್ಪ ಮಬ್ಬು. ಮೂರು ಸಾಮಾನನ್ನೂ ಅಳೆದದ್ದು ಆ ಮುಂಗೈಯ ಗೆರೆಯ ಪಕ್ಕದಲ್ಲಿಟ್ಟು.

ಟ್ಯಾಟೂ ಕಾಗದದ ಆಸೆ ಹುಟ್ಟುವುದು ಸಹಜ. ಆಟದ ಸ್ಕ್ರೀನ್‌ಶಾಟ್‌ನಿಂದ ಗೆರೆ ಎತ್ತಿ, ಕನ್ನಡಿ ಬಿಂಬವಾಗಿ ತಿರುಗಿಸಿ, ಹೊಳಪಿನ ಕಡೆ ಪ್ರಿಂಟ್ ಹೊಡೆದು, ಅಂಟಿನ ಹಾಳೆ ಹಚ್ಚಿ, ಕತ್ತರಿಸಿ, ಮುಖಕ್ಕೆ ಒತ್ತಿ, ಹಿಂದಿನಿಂದ ಒದ್ದೆ ಬಟ್ಟೆಯಲ್ಲಿ ಅರ್ಧ ನಿಮಿಷ ಹಿಡಿದರೆ ಕಾಗದ ಜಾರಿ ಬರುತ್ತದೆ. ಕಾಲು ಗಂಟೆಯ ಕೆಲಸ, ಗೆರೆ ಕೂದಲೆಳೆಯಷ್ಟೂ ತಪ್ಪುವುದಿಲ್ಲ. ತಿರುಗಿಸುವುದನ್ನು ಮರೆತರೆ ಮಾತ್ರ ಎಡದ್ದು ಬಲಕ್ಕೆ ಬರುತ್ತದೆ.

ಆದರೆ ಎಡವಟ್ಟು ಬಣ್ಣದಲ್ಲಿದೆ, ಅದನ್ನು ಮಾರುವವರು ಯಾರೂ ಹೇಳುವುದಿಲ್ಲ. ಮನೆಯ ಪ್ರಿಂಟರಿನಲ್ಲಿ ಬಿಳಿ ಶಾಯಿ ಎಂಬುದೇ ಇಲ್ಲ. ತಿಳಿ ಬಣ್ಣ ಬೇಕೆಂದರೆ ಅದು ಶಾಯಿ ಕಮ್ಮಿ ಹಾಕಿ ಕಾಗದದ ಬಿಳುಪನ್ನೇ ತೋರಿಸುತ್ತದೆ. ಟ್ಯಾಟೂ ಕಾಗದದಲ್ಲಿ ಚರ್ಮಕ್ಕೆ ಬರುವುದು ಪಾರದರ್ಶಕ ಪೊರೆ ಮಾತ್ರ, ಬಿಳುಪು ಕಾಗದದ ಜೊತೆಗೇ ಹೋಗುತ್ತದೆ. ಹಾಗಾಗಿ ಕಂಪ್ಯೂಟರ್ ಪರದೆಯಲ್ಲಿ ದಂತದ ಬಣ್ಣ, ಪ್ರಿಂಟ್ ತೆಗೆದಾಗಲೂ ದಂತದ ಬಣ್ಣ, ಗೋಧಿ ಬಣ್ಣದ ಹಣೆಗೆ ಹೋದ ಕೂಡಲೇ ಮಾಯ. ಚಿನ್ನದ ಬಣ್ಣ ಕಲೆ ಬಿದ್ದ ಕಂದು, ತಿಳಿ ಹಸಿರು ಬರೀ ಕೊಳೆ. ಕಪ್ಪು, ಕಡು ನೀಲಿ, ಕಡು ಕಂದು ಈ ಮೂರು ಮಾತ್ರ ನಿಲ್ಲುತ್ತವೆ. ಆನ್‌ಲೈನ್ ಮಾದರಿ ಫೋಟೋಗಳಲ್ಲಿ ಚೆಂದ ಕಾಣುವುದು ಅಲ್ಲಿನ ಚರ್ಮವೇ ಬೆಳ್ಳಗಿರುವುದರಿಂದ. ಪೊರೆಯ ಕೆಳಗೆ ಮೊದಲೇ ಬಿಳಿ ಬಣ್ಣ ಬಳಿದರೂ ಆಗುವುದಿಲ್ಲ, ಅಂಟು ಬಣ್ಣದ ಪುಡಿಯನ್ನು ಹಿಡಿಯುತ್ತದೆ, ಚರ್ಮವನ್ನು ಹಿಡಿಯುವುದಿಲ್ಲ. ಒಂದು ಗಂಟೆಯಲ್ಲಿ ಅಂಚು ಎದ್ದುಬಿಡುತ್ತದೆ.

ಕಡು ಬಣ್ಣಕ್ಕೇ ಒಪ್ಪಿಕೊಂಡರೂ ಪೊರೆಯ ಕಾಟ ತಪ್ಪದು. ಹಣೆ ಎರಡು ದಿಕ್ಕಿಗೆ ಬಾಗಿದೆ, ಕಾಗದ ಒಂದೇ ದಿಕ್ಕಿಗೆ ಬಾಗುತ್ತದೆ, ಹಾಗಾಗಿ ಇಡೀ ತುಂಡು ಅಂಟಿಸಿದರೆ ನಡುವೆ ಸುಕ್ಕು. ಐದು ತುಂಡು ಮಾಡಬೇಕು: ಹಣೆಯ ನಡು, ಎರಡು ಕಣ್ಣಂಚು, ಎರಡು ಕೆನ್ನೆ. ಹುಬ್ಬಿನ ಕೂದಲಿನ ಮೇಲೆ ಅದು ಕೂರುವುದೇ ಇಲ್ಲ. ಬೆವರಿಗೆ ಹೊರಡಲು ದಾರಿಯಿಲ್ಲದೆ ಪೊರೆಯ ಕೆಳಗೆ ಗುಳ್ಳೆ ಕಟ್ಟುತ್ತದೆ. ನಕ್ಕಾಗ ಮೂಗಿನ ಬದಿಯ ಗೆರೆಯಲ್ಲಿ ಬಿರುಕು. ಕ್ಯಾಮೆರಾ ಫ್ಲ್ಯಾಷ್ ಬಿದ್ದರೆ ಪೊರೆ ಪ್ಲಾಸ್ಟಿಕ್ಕಿನ ಹಾಗೆ ಹೊಳೆಯುತ್ತದೆ. ಪೌಡರ್ ಒತ್ತಿದರೆ ಹೊಳಪು ಕಮ್ಮಿಯಾಗುತ್ತದೆ, ಆದರೆ ಅಂಚು ಬೆಳ್ಳಗೆ ಎದ್ದು ಕಾಣುತ್ತದೆ.

ನಾಟಕದ ಬಣ್ಣ ನಮ್ಮ ಜಿಲ್ಲೆಗೆ ಹೊಸದಲ್ಲ. ಗುಬ್ಬಿ ಕಂಪನಿ ಹುಟ್ಟಿದ ನೆಲ ಇದು, ಮೂಡಲಪಾಯ ಯಕ್ಷಗಾನ ಇನ್ನೂ ಉಸಿರಾಡುವ ನೆಲ. ಪೌರಾಣಿಕ ನಾಟಕಕ್ಕೆ ವೇಷಭೂಷಣ ಬಾಡಿಗೆಗೆ ಕೊಡುವವರ ಹತ್ತಿರ ಜಿಡ್ಡಿನ ಬಣ್ಣ ಸಿಗುತ್ತದೆ. ಸಫೇದವನ್ನು (ಬಿಳಿ ಬಣ್ಣದ ಪುಡಿ) ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಮುಖ ತುಂಬ ಬಳಿಯುವುದೂ ಹಳೆಯ ಪದ್ಧತಿ. ದುರ್ಯೋಧನನ ಇಡೀ ಮುಖಕ್ಕೆ ಇದಕ್ಕೆ ಸಾಟಿಯಿಲ್ಲ, ಬೆಳಗಿನ ಜಾವದವರೆಗೂ ನಿಲ್ಲುತ್ತದೆ. ಸಣ್ಣ ಗೆರೆಗೆ ಮಾತ್ರ ಆಗದು. ಕೊಬ್ಬರಿ ಎಣ್ಣೆ 24 ಡಿಗ್ರಿ ಆಸುಪಾಸಿನಲ್ಲೇ ಕರಗುತ್ತದೆ, ಮುಖದ ಬಿಸಿ ಅದಕ್ಕಿಂತ ಹೆಚ್ಚು. ಒಂದು ಮಿಲಿಮೀಟರ್ ಗೆರೆ ಅರ್ಧ ಗಂಟೆಯಲ್ಲಿ ಎರಡು ಮಿಲಿಮೀಟರ್ ಆಗುತ್ತದೆ. ಇನ್ನೊಂದು ತೊಂದರೆ: ಎಲ್ಫ್ ಕಿವಿ ಲ್ಯಾಟೆಕ್ಸಿನದಾದರೆ ಎಣ್ಣೆ ತಾಗಿ ರಬ್ಬರು ಮೆತ್ತಗಾಗುತ್ತದೆ. ಹಳೆಯ ಡಬ್ಬಿಯಲ್ಲಿ ಅರದಾಳವೆಂಬ ಹಳದಿ ಬಣ್ಣ ಕಂಡರೆ ಮುಟ್ಟಬೇಡಿ, ಅದರಲ್ಲಿ ಆರ್ಸೆನಿಕ್ ವಿಷವಿದೆ.

ಮೆಹೆಂದಿ ಕೋನ್ ಮುಖಕ್ಕೆ ಬೇಡವೇ ಬೇಡ. ಶುದ್ಧ ಮೆಹೆಂದಿ ಕಪ್ಪಾಗುವುದಿಲ್ಲ. ಕಪ್ಪು ಮೆಹೆಂದಿಯೆಂದು ಮಾರುವುದರಲ್ಲಿ ಕೂದಲ ಬಣ್ಣದ ರಾಸಾಯನಿಕ ಇರಬಹುದು, ಬೊಬ್ಬೆ ಏಳುತ್ತದೆ. ಪೋಸ್ಟರ್ ಕಲರ್ ಚರ್ಮಕ್ಕೆ ಮಾಡಿದ್ದಲ್ಲ.

ಈಗ ಬಿಲ್ಲೆ ಬಣ್ಣ. ಹಿಂದಿನ ದಿನ ಮೊಣಕೈ ಒಳಮಡಿಕೆಗೆ ಸ್ವಲ್ಪ ಹಚ್ಚಿ 24 ಗಂಟೆ ನೋಡಿ. ಹಾಕುವ ದಿನ ಮುಖ ತೊಳೆದು, ಸನ್‌ಸ್ಕ್ರೀನ್ ಹಚ್ಚಿದ್ದರೆ 20 ನಿಮಿಷ ಬಿಟ್ಟು, ಟಿಶ್ಯೂನಲ್ಲಿ ಜಿಡ್ಡು ಒತ್ತಿ ತೆಗೆಯಿರಿ. ಜಿಡ್ಡಿದ್ದರೆ ಬಣ್ಣ ಕೆಸುವಿನೆಲೆಯ ಮೇಲಿನ ನೀರಿನ ಹಾಗೆ ಹನಿಗಟ್ಟುತ್ತದೆ.

ಮಿಥಾಲಳ ಗುರುತು ಕವಲೊಡೆದ ಮರ, ಹಣೆಯ ನಡುವೆ ನಿಲ್ಲುತ್ತದೆ. ಕಾಂಡ ಒಂದು ಕೂದಲೆಳೆ ಸರಿದರೂ ಇಡೀ ಮುಖ ಸೊಟ್ಟ ಕಾಣುತ್ತದೆ. ಅದಕ್ಕೇ ಬಟರ್ ಪೇಪರ್. ವಿನ್ಯಾಸದ ಅರ್ಧ ಮಾತ್ರ ಬರೆದುಕೊಳ್ಳಿ. ಕಾಗದದ ಎರಡೂ ಬದಿಗೆ ಕಂದು ಐಬ್ರೋ ಪೆನ್ಸಿಲ್‌ನಿಂದ ಗೆರೆ ದಪ್ಪಗೆ ತೀಡಿ. ಕೂದಲಂಚು, ಹುಬ್ಬುಗಳ ನಡು, ಮೂಗಿನ ತುದಿ, ಗಲ್ಲ, ಈ ನಾಲ್ಕು ಕಡೆ ಚುಕ್ಕಿಯಿಟ್ಟು ನಡುಗೆರೆ ಗುರುತಿಸಿ. ಕಾಗದವನ್ನು ಅದಕ್ಕೆ ಹೊಂದಿಸಿ ಬೆರಳಲ್ಲಿ ಉಜ್ಜಿ, ಆಮೇಲೆ ಮಗುಚಿ ಇನ್ನೊಂದು ಬದಿಗೆ ಉಜ್ಜಿ. ಕೆನ್ನೆಯ ಭಾಗವನ್ನು ಮಾತ್ರ ಮೂಗಿನಿಂದ ಅಳೆಯಬೇಡಿ, ಕಣ್ಣಿನ ಹೊರಮೂಲೆಯಿಂದ ಅಳೆಯಿರಿ. ಯಾರ ಮುಖವೂ ಎರಡು ಕಡೆ ಒಂದೇ ಅಲ್ಲ.

ಬಣ್ಣ ಕಲಸುವುದು ಇಲ್ಲಿ ಮುಖ್ಯ. ಬರೀ ಕಪ್ಪು ಹಾಕಿದರೆ ಸ್ಕೆಚ್ ಪೆನ್ನಿನ ಗೀಟು. ಕಪ್ಪು ಎರಡು ಪಾಲು, ಹಸಿರು ಒಂದು ಪಾಲು, ನೀರು ಮೂರು ನಾಲ್ಕು ಹನಿ. ಮೊಸರಿನಷ್ಟು ಗಟ್ಟಿ ಇರಬೇಕು, ಮಜ್ಜಿಗೆಯಾದರೆ ಹರಿಯುತ್ತದೆ. ಹಾಕಿದ ಗೆರೆ ಪೂರ್ತಿ ಆರುವ ಮುನ್ನ ಒಣ ಹತ್ತಿಕಡ್ಡಿಯಿಂದ ಒಮ್ಮೆ ತಟ್ಟಿ. ಮೇಲಿನ ಪದರ ಎದ್ದು ಬಂದು, ಉಳಿದ ಬಣ್ಣದ ಅಡಿಯಿಂದ ಚರ್ಮ ಇಣುಕುತ್ತದೆ. ಆಗ ಅದು ಹಚ್ಚೆ. ತಿಳಿ ಬಣ್ಣದ ವಲ್ಲಾಸ್ಲಿನ್ ಬೇಕಿದ್ದರೆ ಕಪ್ಪು, ಹಸಿರಿನ ಬದಲು ಬಿಳಿ, ಹಳದಿ, ಕಂದು ಬಿಲ್ಲೆ ಇರಲಿ: ಬಿಳಿಗೆ ಚಿಟಿಕೆ ಹಳದಿ, ಚೂರೇ ಚೂರು ಕಂದು ಸೇರಿಸಿ ಎರಡು ಕೋಟ್ ಹಾಕಿ. ಬರೀ ಬಿಳಿ ನಮ್ಮ ಚರ್ಮದ ಮೇಲೆ ವಿಭೂತಿಯ ಹಾಗೆ ಬೂದಿಗಟ್ಟುತ್ತದೆ.

ಆರಿದ ಮೇಲೆ ಪೌಡರ್ ಪಫ್ ಒತ್ತಬೇಕು, ಉಜ್ಜಬಾರದು. ಸೆಟ್ಟಿಂಗ್ ಸ್ಪ್ರೇ ಒಂದಡಿ ದೂರದಿಂದ ಮೂರು ಸಲ, ಪ್ರತಿ ಸಲವೂ ಆರಲು ಬಿಟ್ಟು. ಎಲ್ಲ ಸೇರಿ ಮುಕ್ಕಾಲು ಗಂಟೆ. ಬೆವರಿದರೆ ಟಿಶ್ಯೂ ಅದುಮಿ, ಒರೆಸಿದರೆ ಹೋಯಿತು. ಈ ಬಣ್ಣದ ದೌರ್ಬಲ್ಯ ಇದೊಂದೇ, ದೊಡ್ಡದೂ ಹೌದು. ತುಮಕೂರಿನಿಂದ ಬೆಂಗಳೂರಿನ ಕಾಮಿಕ್ ಕಾನ್‌ಗೆ ಬೆಳಗಿನ ರೈಲು ಹಿಡಿಯುವವರು ಪೆನ್ಸಿಲ್ ಗೆರೆಯನ್ನಷ್ಟೇ ಮನೆಯಲ್ಲಿ ಮೂಡಿಸಿಕೊಂಡು, ಬಣ್ಣವನ್ನು ಅಲ್ಲೇ ತುಂಬುವುದು ಒಳ್ಳೆಯದು. ದಿನವಿಡೀ ಬಿಸಿಲಲ್ಲಿ ನಿಲ್ಲುವ ಕೆಲಸವಿದ್ದು, ಕಪ್ಪು ಗೆರೆ ಸಾಕೆನ್ನುವವರಿಗೆ ಮಾತ್ರ ಟ್ಯಾಟೂ ಕಾಗದ ಸರಿಹೋದೀತು. ಖರ್ಚಿನಲ್ಲೂ ಬಿಲ್ಲೆಯೇ ಮೇಲು: ಕಾಗದ ಒಂದು ಮುಖಕ್ಕೆ ಮುಗಿಯುತ್ತದೆ, ಬಿಲ್ಲೆ ಹತ್ತಾರು ಮುಖಕ್ಕೆ ಬರುತ್ತದೆ.

ಮಾದರಿ ಚಿತ್ರವನ್ನು ಇದೇ ಸರಣಿಯ 2014ರ ಇನ್‌ಕ್ವಿಸಿಷನ್ ಆಟದ ಪಾತ್ರ ರಚಿಸುವ ಪರದೆಯಿಂದ ತೆಗೆಯಬೇಡಿ, ಅಲ್ಲಿನ ಹಸಿರು ಬೆಳಕು ಬಣ್ಣ ಕೆಡಿಸುತ್ತದೆ. ಆಟದೊಳಗೆ ಹಗಲಲ್ಲಿ, ಬಯಲಲ್ಲಿ ನಿಂತು ತೆಗೆಯಿರಿ. 2024ರ ವೇಲ್‌ಗಾರ್ಡ್‌ನಲ್ಲಿ ಬೆಳಕು ಬದಲಿಸುವ ಅನುಕೂಲವಿದೆ. ದೇವರ ಆಯ್ಕೆಯಲ್ಲಿ ನನ್ನ ಒಲವು ಮಿಥಾಲ್ ಕಡೆಗೆ, ಕಾಪಾಡುವ ತಾಯಿ ಅವಳು. ಬಿಲ್ಲು ಹಿಡಿದ ವೇಷಕ್ಕೆ ಬೇಟೆಯ ಆಂಡ್ರುಯಿಲ್, ಮದ್ದು ಕೊಡುವವಳ ವೇಷಕ್ಕೆ ಒಲೆಯ ದೇವತೆ ಸಿಲೇಸ್, ಕಮ್ಮಾರನಿಗೆ ಕಸುಬಿನ ದೇವರು ಜೂನ್ ಹೊಂದುತ್ತಾರೆ. ವೇಲ್‌ಗಾರ್ಡ್ ಆಡಿದವರ ನಡುವೆ ಎಲ್ಗರ್ನಾನ್ ಅಥವಾ ಗಿಲನೈನ್ ಗುರುತು ಹಾಕಿಕೊಂಡು ಹೋದರೆ ಪ್ರಶ್ನೆಗಳಿಗೆ ಸಿದ್ಧರಿರಿ, ಅಲ್ಲಿ ಅವರೇ ಶತ್ರುಗಳು. ವಂಚಕ ದೇವರು ಫೆನ್‌ಹಾರೆಲ್‌ನ ಗುರುತನ್ನಂತೂ ಡೇಲಿಷ್ ಯಾರೂ ಹಾಕಿಸಿಕೊಳ್ಳುವುದಿಲ್ಲ.

ಇನ್‌ಕ್ವಿಸಿಷನ್ ಆಟದ ಎಲ್ಫ್ ಮಂತ್ರವಾದಿ ಸೋಲಸ್‌ನನ್ನು ಪ್ರೀತಿಸಿದ ಡೇಲಿಷ್ ನಾಯಕಿ ಲವೆಲನ್ ವೇಷವಾದರೆ ಇನ್ನೊಂದು ಲೆಕ್ಕವಿದೆ. ಆಟದ ಕ್ರೆಸ್ಟ್‌ವುಡ್ ಎಂಬ ಊರಿನ ಬಳಿ ಅವನು ಈ ಗುರುತುಗಳು ಹಿಂದೆ ಗುಲಾಮರಿಗೆ ಹಾಕುತ್ತಿದ್ದಂಥವು ಎಂದು ತಿಳಿಸಿ, ಅಳಿಸಿಕೊಡಲೇ ಎಂದು ಕೇಳುತ್ತಾನೆ. ಮುಂಚಿನ ಮುಖ, ನಂತರದ ಮುಖ ಎರಡರದ್ದೂ ಫೋಟೋ ಒಂದೇ ದಿನ ಬೇಕಿದ್ದರೆ ಕಾಗದದ ಪೊರೆಗೆ ಎಣ್ಣೆ ಹಚ್ಚಿ ಕೆರೆಯಬೇಕು, ಮುಖ ಕೆಂಪಾಗುತ್ತದೆ. ನಾಟಕದ ಬಣ್ಣಕ್ಕೆ ಕೊಬ್ಬರಿ ಎಣ್ಣೆ, ಆಮೇಲೆ ಕಡಲೆಹಿಟ್ಟು. ಬಿಲ್ಲೆ ಬಣ್ಣ ಸೋಪು ನೀರಿಗೆ ಎರಡು ನಿಮಿಷದಲ್ಲಿ ಹೋಗುತ್ತದೆ. ಹುಬ್ಬಿನ ಬುಡದಲ್ಲಿ ಉಳಿದ ಹಸಿರನ್ನು ಒದ್ದೆ ಹತ್ತಿಕಡ್ಡಿಯಿಂದ ಕೂದಲು ಬೆಳೆದ ದಿಕ್ಕಿಗೇ ಎಳೆದು ತೆಗೆಯಿರಿ.