ಟೆನೋಫೋವಿರ್ ಮಾತ್ರೆ: ಎಂಟು ವರ್ಷ ನುಂಗಿದ ಮೇಲೆ ಬರೆಯುತ್ತಿದ್ದೇನೆ

ಕೊಡಗಿನ ಸೋಮವಾರಪೇಟೆ ಕಡೆಯ ಒಂದು ಕಾಫಿ ತೋಟದಲ್ಲಿ ನಾನು ರೈಟರ್, ಅಂದರೆ ಲೆಕ್ಕ ಬರೆಯುವವ. 2016ರಲ್ಲಿ ಒಂದು ಶಿಬಿರದಲ್ಲಿ ರಕ್ತ ಕೊಟ್ಟೆ. ಹದಿನೈದು ದಿನ ಬಿಟ್ಟು ಫೋನ್ ಬಂತು, ನಿಮಗೆ ಹೆಪಟೈಟಿಸ್ ಬಿ ಇದೆ ಅಂದರು. ಕಣ್ಣು ಹಳದಿಯಿಲ್ಲ, ಹೊಟ್ಟೆನೋವಿಲ್ಲ, ದಿನಾ ತೋಟ ಸುತ್ತುತ್ತಿದ್ದೆ. ನಂಬೋಕೇ ಆಗಲಿಲ್ಲ. ಆದರೆ ಲಿವರ್ ಟೆಸ್ಟಿನಲ್ಲಿ ಎಎಲ್‌ಟಿ (ಲಿವರಿಗೆ ಪೆಟ್ಟಾದಾಗ ರಕ್ತದಲ್ಲಿ ಹೆಚ್ಚುವ ಕಿಣ್ವ) ಏರಿತ್ತು, ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ಸಿನ ಲೆಕ್ಕ, ಲಕ್ಷಗಟ್ಟಲೆ ಇತ್ತು. ಡಾಕ್ಟರ್ ಟೆನೋಫೋವಿರ್ 300 ಎಂಜಿ ಬರೆದುಕೊಟ್ಟರು. ದಿನಕ್ಕೆ ಒಂದು.

ಮಾತ್ರೆ ಕೆಲಸ ಮಾಡುತ್ತಾ? ಮಾಡುತ್ತೆ. ಒಂದು ವರ್ಷದಲ್ಲಿ ನನ್ನ ವೈರಲ್ ಲೋಡ್ 'ಪತ್ತೆಯಾಗಿಲ್ಲ' ಅಂತ ಬಂತು. ಇವತ್ತಿಗೂ ಹಾಗೇ ಇದೆ. ಆ ಮೊದಲ ರಿಪೋರ್ಟನ್ನು ಜೋಪಾನವಾಗಿ ಇಟ್ಟಿದ್ದೇನೆ.

ಹಾಗಾದರೆ ವಾಸಿಯಾಯ್ತಲ್ಲ, ನಿಲ್ಲಿಸಬಹುದಲ್ವಾ ಅಂತ ನಾನೂ ಕೇಳಿದ್ದೆ. ಡಾಕ್ಟರ್ ಹೇಳಿದ್ದನ್ನು ತೋಟದ ಭಾಷೆಯಲ್ಲಿ ಹೇಳುತ್ತೇನೆ. ಕಾಫಿ ಚೀಲ ಹೊಲಿಯೋಕೆ ಮೊದಲು ದಬ್ಬಳದ ಕಣ್ಣಿಗೆ ದಾರ ಏರಿಸಬೇಕು. ಈ ವೈರಸ್ಸಿನದೂ ಅದೇ ಕಥೆ. ಅದರ ಆರ್‌ಎನ್‌ಎ ಎಳೆಯ ತುದಿಯಲ್ಲಿ ಎಪ್ಸಿಲಾನ್ ಅನ್ನೋ ಒಂದು ಮಡಿಕೆ ಇದೆ. ಪಾಲಿಮರೇಸ್ ಅನ್ನೋ ಪ್ರೋಟೀನು ಅದನ್ನು ಹಿಡಿದುಕೊಂಡ ಮೇಲೇ ಆರ್‌ಎನ್‌ಎ ವೈರಸ್ಸಿನ ಚಿಪ್ಪಿನೊಳಗೆ ತುಂಬಿಕೊಳ್ಳುತ್ತೆ, ಆಮೇಲೆ ಡಿಎನ್‌ಎ ಹೊಲಿಗೆ ಶುರು. ಟೆನೋಫೋವಿರ್ ದಾರ ಏರಿಸೋದನ್ನು ತಡೆಯಲ್ಲ. ಹೊಲಿಗೆಯ ನಡುವೆ ನುಗ್ಗಿ ದಾರ ತುಂಡು ಮಾಡುತ್ತೆ. ದಾರದ ಉಂಡೆ ಮಾತ್ರ ಲಿವರ್ ಜೀವಕೋಶದೊಳಗೆ ಉಂಗುರದಂಥ ಡಿಎನ್‌ಎ ಆಗಿ ಕೂತೇ ಇರುತ್ತೆ. ಮಾತ್ರೆ ಬಿಟ್ಟರೆ ಮತ್ತೆ ಹೊಲಿಗೆ ಶುರುವಾಗಬಹುದು, ಕೆಲವರಿಗೆ ಲಿವರ್ ಜೋರಾಗಿ ಕೆಡಬಹುದು. ಡಾಕ್ಟರನ್ನು ಕೇಳದೆ ಒಂದು ದಿನವೂ ನಿಲ್ಲಿಸಬೇಡಿ.

2018ರ ಆಗಸ್ಟಿನಲ್ಲಿ ಇದು ನನಗೆ ಚೆನ್ನಾಗಿ ನಾಟಿತು. ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡ ಜರಿದು ಮಡಿಕೇರಿ ರಸ್ತೆ ಬಂದ್. ಡಬ್ಬಿಯಲ್ಲಿ ಆರು ಮಾತ್ರೆ. ಕರೆಂಟಿಲ್ಲ, ಫೋನಿಲ್ಲ. ರಾತ್ರಿ ಕ್ಯಾಂಡಲ್ ಬೆಳಕಲ್ಲಿ ಡಬ್ಬಿ ಬಗ್ಗಿಸಿ ಎಣಿಸುತ್ತಿದ್ದೆ. ಮೈಸೂರಿನಲ್ಲಿದ್ದ ಭಾವ ಸುತ್ತುಹಾಕಿ ಬಂದು ತಲುಪಿಸುವಷ್ಟರಲ್ಲಿ ಎರಡು ದಿನ ತಪ್ಪಿಹೋಗಿತ್ತು. ಪುಣ್ಯಕ್ಕೆ ಏನೂ ಆಗಲಿಲ್ಲ. ಆಮೇಲಿಂದ ಜೂನ್ ಬರೋ ಮುಂಚೆ ಎರಡು ತಿಂಗಳ ಮಾತ್ರೆ ಜಾಸ್ತಿ ತಂದಿಡುತ್ತೇನೆ. ನಮ್ಮ ಮಳೆಗೆ ಎಲ್ಲವೂ ಬೂಸ್ಟು ಹಿಡಿಯುತ್ತಲ್ಲ, ಅದಕ್ಕೆ ಮಾತ್ರೆಯನ್ನು ಅದರ ಡಬ್ಬಿಯಲ್ಲೇ ಬಿಡಿ. ಒಳಗಿರುವ ತೇವ ಹೀರುವ ಪುಟ್ಟ ಪೊಟ್ಟಣ ಬಿಸಾಡಬೇಡಿ.

ತೊಂದರೆ ಇಲ್ಲವೇ ಇಲ್ಲ ಅಂತ ಹೇಳಲ್ಲ. 300 ಎಂಜಿಯದು ಕೆಲವರಿಗೆ ಕಿಡ್ನಿ, ಮೂಳೆಗೆ ಭಾರ. 2021ರಲ್ಲಿ ನನ್ನ ಕ್ರಿಯಾಟಿನಿನ್ (ಕಿಡ್ನಿ ಸೋತರೆ ರಕ್ತದಲ್ಲಿ ಹೆಚ್ಚುವ ಅಂಶ) ನಿಧಾನಕ್ಕೆ ಏರತೊಡಗಿತು. ಆಗ 25 ಎಂಜಿಯ ಟೆನೋಫೋವಿರ್ ಅಲಾಫೆನಮೈಡ್‌ಗೆ ಬದಲಿಸಿದರು. ಇದನ್ನು ಊಟದ ಜೊತೆ ತಗೋಬೇಕು. ಕ್ರಿಯಾಟಿನಿನ್ ಇಳಿಯಿತು, ತೂಕ ಮೂರು ಕೆಜಿ ಏರಿತು. ಒಂದು ಮೆಡಿಕಲ್ ಶಾಪಿನಲ್ಲಿ "ಎರಡೂ ಒಂದೇ ಸಾರ್" ಅಂತ ಹಳೇ 300 ಎಂಜಿ ಡಬ್ಬಿಯನ್ನೇ ಕೊಟ್ಟುಬಿಟ್ಟಿದ್ದರು. ಒಂದೇ ಅಲ್ಲ. ಡಬ್ಬಿ ಮೇಲಿನ ಪೂರ್ತಿ ಹೆಸರು ಓದಿ.

ಇನ್ನೊಂದು ನಮ್ಮೂರಿನ ವಿಷಯ. ಕೊಡಗಿನ ಮಳೆಗಾಲದ ಕಕ್ಕಡ ತಿಂಗಳ 18ಕ್ಕೆ ಮಾಡುವ ಮದ್ದು ಸೊಪ್ಪಿನ ಪಾಯಸ ಈಗಲೂ ಇಷ್ಟಪಟ್ಟು ತಿನ್ನುತ್ತೇನೆ. ಮಾರನೇ ದಿನ ಮೂತ್ರ ಕೆಂಪಗಾಗುತ್ತೆ ಅಂತ ನಮಗೆಲ್ಲ ಗೊತ್ತು, ಹೊರಗಿಂದ ಬಂದ ಡಾಕ್ಟರಿಗೆ ಗೊತ್ತಿರಲ್ಲ. ಕಿಡ್ನಿ ಟೆಸ್ಟಿಗೆ ಹೋದಾಗ ಮೊದಲೇ ಹೇಳಿಬಿಡಿ. ಕಾಮಾಲೆಗೆ ನೆಲನೆಲ್ಲಿ ಕುಡಿ, ಮಾತ್ರೆ ಬಿಡು ಅಂದವರು ಬಹಳ ಜನ. ನೆಲನೆಲ್ಲಿಯನ್ನು ಯಾರೂ ಕಡೆಗಣಿಸಿಲ್ಲ. ಈ ವೈರಸ್ಸನ್ನು ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲೂಮ್‌ಬರ್ಗ್ ಅವರೇ ಮದರಾಸಿನ ವಿಜ್ಞಾನಿಗಳ ಜೊತೆ ಸೇರಿ ಅದನ್ನು ರೋಗಿಗಳ ಮೇಲೆ ಪರೀಕ್ಷಿಸಿದ್ದರು. 1988ರಲ್ಲಿ ಆಶೆ ಹುಟ್ಟಿಸಿದ ಆ ಫಲಿತಾಂಶ ಆಮೇಲೆ ಬೇರೆಯವರು ಮಾಡಿ ನೋಡಿದಾಗ ಸಿಗಲಿಲ್ಲ.

ನಾನು ಕಾಯುತ್ತಿರುವುದು ದಬ್ಬಳದ ಕಣ್ಣನ್ನೇ ಮುಚ್ಚುವ ಔಷಧಿಗೆ. ಪಾಲಿಮರೇಸ್ ಎಪ್ಸಿಲಾನನ್ನು ಹಿಡಿಯದ ಹಾಗೆ ಮಾಡುವ ಸಣ್ಣ ಅಣುಗಳನ್ನು ಹುಡುಕುತ್ತಿದ್ದಾರೆ. ತುಳಸಿ, ಪುದೀನದಲ್ಲೂ ಇರುವ ರೋಸ್ಮರಿನಿಕ್ ಆಮ್ಲ ಲ್ಯಾಬಿನಲ್ಲಿ ಇದನ್ನು ತಡೆದಿದೆ. ಲ್ಯಾಬಿನಲ್ಲಿ ಮಾತ್ರ. ತುಳಸಿ ಕಷಾಯ ಕುಡಿದರೆ ವೈರಸ್ ಹೋಗುತ್ತೆ ಅಂತ ಅರ್ಥವಲ್ಲ. ಆರ್‌ಎನ್‌ಎ ಚಿಪ್ಪಿಗೆ ತುಂಬದಂತೆ ಮಾಡುವ ಇನ್ನೊಂದು ಬಗೆಯ ಔಷಧಿಗಳು ಮನುಷ್ಯರ ಮೇಲಿನ ಪ್ರಯೋಗದವರೆಗೂ ಬಂದಿವೆ. ದಾರ ಏರದಿದ್ದರೆ ಹೊಲಿಗೆಯೇ ಇಲ್ಲ ಅಲ್ವಾ? ಹಳೇ ಉಂಡೆ ಆಗಲೂ ಉಳಿಯುತ್ತೆ, ಅದಕ್ಕೆ ಬೇರೆ ಮದ್ದು ಬೇಕು.

ಖರ್ಚಿಗೆ ಹೆದರುವವರು ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ.

ನನಗೆ ಇದು ಹುಟ್ಟುವಾಗಲೇ ಅಮ್ಮನಿಂದ ಬಂದಿರಬೇಕು ಅಂದರು. ಹೆಂಡತಿಗೆ ಮೂರು ಡೋಸ್ ಲಸಿಕೆ ಹಾಕಿಸಿದೆ. ಮಗಳಿಗೆ ಹುಟ್ಟಿದ ದಿನವೇ ಹಾಕಿದ್ದರು. ತಮ್ಮ ಮಾತ್ರ ಎರಡು ವರ್ಷ ಟೆಸ್ಟ್ ಬೇಡ ಅಂತ ತಪ್ಪಿಸಿಕೊಂಡ. ಕೊನೆಗೆ ಬಂದ, ಅವನಿಗೂ ಇತ್ತು. ಅವನ ಎಎಲ್‌ಟಿ ಸರಿಯಿದೆ, ಲೋಡ್ ಕಮ್ಮಿ, ಸದ್ಯಕ್ಕೆ ಮಾತ್ರೆ ಬೇಡ ಅಂದಿದ್ದಾರೆ. ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗಿಗೆ ಈಗ ಇಬ್ಬರೂ ಬೆಳಗಿನ ಬಸ್ಸಿನಲ್ಲಿ ಒಟ್ಟಿಗೆ ಹೋಗುತ್ತೇವೆ.